ನಡಾವಳಿ ಪುಸ್ತಕದ ಐದು ಖಾಲಿ ಸಾಲು

ಹೊಸದಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಾಗಿ ಸೇರಿರುವ ನೀವೆಲ್ಲ ಸಂವಿಧಾನವನ್ನು ಉರು ಹೊಡೆದು ಬಂದವರು. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ, ಎಪ್ಪತ್ತಮೂರನೇ ತಿದ್ದುಪಡಿ, ಹನ್ನೊಂದನೇ ಅನುಸೂಚಿಯ ಇಪ್ಪತ್ತೊಂಬತ್ತು ವಿಷಯಗಳು, ಎಲ್ಲವೂ ನಿಮ್ಮ ನಾಲಿಗೆಯ ತುದಿಯಲ್ಲಿವೆ. ನಾನು ಕೆಲಸಕ್ಕೆ ಸೇರಿದಾಗ ಇದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ನಿವೃತ್ತನಾಗುವ ಹೊತ್ತಿಗೆ ಎಲ್ಲವೂ ಗೊತ್ತಿತ್ತು. ಅದರಿಂದ ಯಾರಿಗೂ ಮೂರು ಕಾಸಿನ ಉಪಕಾರ ಆಗಲಿಲ್ಲ. ಹೇಗೆ ಆಗಲಿಲ್ಲ ಎಂಬುದನ್ನು ಬರೆಯುತ್ತೇನೆ. ಬಡ್ತಿ, ಸನ್ಮಾನ, ಶಾಲು ಇವುಗಳ ಸುದ್ದಿ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಚಳ್ಳಕೆರೆಯವನು. ನಮ್ಮ ಅಬ್ಬಾ ಎಣ್ಣೆ ಗಿರಣಿಗಳ ಯಂತ್ರ ರಿಪೇರಿ ಮಾಡುತ್ತಿದ್ದರು. ಅವರ ಕೈಗೆ ಗ್ರೀಸು, ಬಟ್ಟೆಗೆ ಶೇಂಗಾ ಹಿಂಡಿಯ ವಾಸನೆ. ಮಗ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯ ಮೇಲೆ ಕೂರಬೇಕೆಂಬುದು ಅವರ ಒಂದೇ ಆಸೆ. ಕುರ್ಚಿ ಸಿಕ್ಕಿತು. ಮೊಳಕಾಲ್ಮೂರು ಕಡೆಯ ಒಂದು ಗಡಿ ಪಂಚಾಯಿತಿಗೆ ಕಾರ್ಯದರ್ಶಿಯಾಗಿ ಹೋದೆ. ಅಲ್ಲಿದ್ದ ಕುರ್ಚಿಗೆ ಮೂರೂವರೆ ಕಾಲು, ಉಳಿದರ್ಧಕ್ಕೆ ಇಟ್ಟಿಗೆ. ಜನರು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. ಮೊದಲ ದಿನದಿಂದ ಕೊನೆಯ ದಿನದವರೆಗೆ ನಾನು ‘ಸಾಬ್ರು’.

ಕೆಲಸ ಕಲಿಸಿದವರು ರುದ್ರಪ್ಪನವರು. ನನಗಿಂತ ಮೊದಲು ಅಲ್ಲಿ ಕಾರ್ಯದರ್ಶಿಯಾಗಿದ್ದು, ನಿವೃತ್ತಿಗೆ ಮೂರು ತಿಂಗಳಿದ್ದ ಹಿರಿಯರು. ಒಳ್ಳೆಯ ಮನುಷ್ಯ, ಒಂದು ಬೀಡಿಯನ್ನೂ ಇನ್ನೊಬ್ಬರಿಂದ ಇಸಿದುಕೊಂಡವರಲ್ಲ. ಅವರು ಮೊದಲು ಬಿಚ್ಚಿ ತೋರಿಸಿದ್ದು ನಡಾವಳಿ ಪುಸ್ತಕ, ಅಂದರೆ ಸಭೆಯ ತೀರ್ಮಾನಗಳನ್ನು ಬರೆಯುವ ಪುಸ್ತಕ.

“ನೋಡಪ್ಪಾ, ಜನ ಮಾತಾಡಿದ್ದೆಲ್ಲ ಬರ್ಕೊಂತ ಕೂತ್ರೆ ಪುಸ್ತಕ ಸಾಲಲ್ಲ. ಸಭೆ ಮುಗೀತಿದ್ದಂಗೆ ಸೈ ಹಾಕಿಸ್ಕಂಬಿಡು. ಟೀ ಕುಡಿದ್ರೆ ಎದ್ದು ಹೋಗ್ತಾರೆ, ಆಮೇಲೆ ಕೈಗೆ ಸಿಗಲ್ಲ. ಜಗಳದ ವಿಷಯ ಇದ್ರೆ ಅಲ್ಲೇ ಬರೀಬೇಡ. ಕೊನೇ ಠರಾವಿಗೂ ಸೈಗೂ ನಡುವೆ ಐದು ಸಾಲು ಬಿಡು. ಆಪೀಸ್ನಾಗೆ ಕುಂತು ಸಮಾಧಾನದಿಂದ ಬರಿಬೋದು.”

“ಐದೇ ಯಾಕೆ ಸರ್?”

“ನಾಲ್ಕು ಸಾಲು ಊರಿಂದು. ಇನ್ನೊಂದು ಮೇಲಿನೋರಿಗೆ ಬೇಕಾಗ್ತೈತೆ.”

ಅವರು ನಗಲಿಲ್ಲ, ಹಾಗಾಗಿ ನಾನೂ ನಗಲಿಲ್ಲ. ಇದನ್ನು ಮೋಸ ಎಂದು ಅವರು ಕಲಿಸಲಿಲ್ಲ, ನಾನು ಮೋಸ ಎಂದು ಕಲಿಯಲಿಲ್ಲ. ಸುತ್ತಮುತ್ತ ನನಗೆ ಗೊತ್ತಿದ್ದ ಕಾರ್ಯದರ್ಶಿಗಳೆಲ್ಲ ಹಾಗೇ ಮಾಡುತ್ತಿದ್ದರು. ಅಕ್ಷರ ಚೆನ್ನಾಗಿ ಬರಲಿ, ವಾಕ್ಯ ಕಾನೂನಿಗೆ ಹೊಂದಲಿ ಎಂಬ ಕಾಳಜಿಯೂ ಅದರಲ್ಲಿ ಇತ್ತೆಂದರೆ ನೀವು ನಂಬುವುದಿಲ್ಲ.

ಆ ಗಡಿ ಊರಿನಲ್ಲಿ ನಾನು ಮಾಡಿದ ಮೊದಲ ಎಡವಟ್ಟು ಹೇಳುತ್ತೇನೆ. ಊರಿನ ಅರ್ಧ ಜನ ರೇಷ್ಮೆ ಸೀರೆ ನೇಯುವವರು, ಮನೆಮಾತು ತೆಲುಗು. ಗ್ರಾಮಸಭೆ ಎಂದರೆ ಊರಿನ ಮತದಾರರೆಲ್ಲ ಕೂತು ತಮಗೇನು ಬೇಕೆಂದು ತಾವೇ ತೀರ್ಮಾನಿಸುವ ಸಭೆ ಎಂದು ಸುತ್ತೋಲೆಯಲ್ಲಿ ಓದಿದ್ದೆ. ಕಚೇರಿ ಕನ್ನಡದಲ್ಲಿ ಒಂದು ಗಂಟೆ ಸತತವಾಗಿ ಓದಿದೆ. ‘ಮೇಲ್ಕಂಡ’, ‘ಸದರಿ’, ‘ಉಲ್ಲೇಖಿತ’ ಒಂದನ್ನೂ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರೊಬ್ಬರು ಪಕ್ಕದವರನ್ನು “ಏಂ ಸೆಪ್ತಾಂಡಾಡಪ್ಪಾ?” ಎಂದರು, ಏನು ಹೇಳ್ತಿದ್ದಾನೆ ಅಂತ. ಪಕ್ಕದವರು “ಏಮೋ, ಸಂತಕಂ ಪೆಟ್ಟಮಂಟಾಂಡಾಡು” ಎಂದರು. ಏನೋ, ಸಹಿ ಹಾಕು ಅಂತಿದ್ದಾನೆ. ಇಬ್ಬರೂ ಸಹಿ ಹಾಕಿದರು. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ನಾನು ಬರೆದೆ.

ಅವರಿಗೆ ಬೇಕಾಗಿದ್ದದ್ದು ಒಂದು ಚರಂಡಿ. ಮಳೆ ಬಂದರೆ ಬೀದಿಯ ನೀರು ಮನೆಯೊಳಗಿನ ಮಗ್ಗದ ಗುಂಡಿಗೆ ನುಗ್ಗಿ, ನೇಯ್ದ ಸೀರೆಯ ಅಂಚು ಕೆಡುತ್ತಿತ್ತು. ಅದನ್ನೂ ಬರೆದು ಕಳಿಸಿದೆ. ಬಂದದ್ದು ಹೊಗೆ ಇಲ್ಲದ ಒಲೆಗಳು. ದೆಹಲಿಯಲ್ಲಿ ಗುರಿ ಇಟ್ಟಿದ್ದರಂತೆ, ಬೆಂಗಳೂರಿನಲ್ಲಿ ಹಂಚಿದರಂತೆ, ಜಿಲ್ಲಾ ಕೇಂದ್ರ ಚಿತ್ರದುರ್ಗದಿಂದ ಲಾರಿ ಬಂತು. ನಮ್ಮ ಪಾಲಿಗೆ ಉಳಿದ ಸ್ವರಾಜ್ಯ ಎಂದರೆ ಒಲೆಯನ್ನು ಅಡುಗೆಮನೆಯ ಯಾವ ಮೂಲೆಯಲ್ಲಿ ಇಡಬೇಕು ಎಂಬುದು. ಚರಂಡಿ ಕೇಳಿದವರ ಕೈಗೆ ಒಲೆ ಕೊಟ್ಟು, ತೆಗೆದುಕೊಂಡೆವು ಎಂದು ಹೆಬ್ಬೆಟ್ಟು ಒತ್ತಿಸಿಕೊಂಡೆ. ಆ ಹೆಂಗಸರು ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಆಗಲೇ ಬುದ್ಧಿ ಬರುತ್ತಿತ್ತೇನೋ.

ಆಮೇಲೆ ವರ್ಷಗಳು ಕಳೆದವು. ಬರವಣಿಗೆ ಹೋಗಿ ಕಂಪ್ಯೂಟರ್ ಬಂತು, ಸಭೆಗೆ ಮೊಬೈಲಿನಲ್ಲಿ ಫೋಟೋ ಬಂತು. ಜನ ಕೂತಿದ್ದರು ಎಂದು ಫೋಟೋ ಸಾಕ್ಷಿ ಹೇಳುತ್ತದೆ, ಏನಂದರು ಎಂದು ಹೇಳುವುದಿಲ್ಲ. ಆದರೆ ನಡಾವಳಿ ಪುಸ್ತಕ ಮಾತ್ರ ಉಳಿಯಿತು. ಸಂವಿಧಾನದ ಪೀಠಿಕೆಯನ್ನು ಎಲ್ಲರಿಗೂ ಕಾಣುವಂತೆ ಕಚೇರಿಯಲ್ಲಿ ಹಾಕಿಸಬೇಕು ಎಂದು ಒಂದು ಸಲ ಆದೇಶ ಬಂತು. ಚೆಂದದ ಅಕ್ಷರದಲ್ಲಿ ಗೋಡೆಗೆ ಬರೆಸಿದೆ. ಮುಂದಿನ ತಿಂಗಳು ಕಡತ ಇಡಲು ಹೊಸ ಬೀರು ಬಂತು. ಅದನ್ನು ಇಡಲು ಬೇರೆ ಗೋಡೆ ಇರಲಿಲ್ಲ. ಈಗಲೂ ಬೀರುವಿನ ಮೇಲುಗಡೆ ‘ಭಾರತದ ಪ್ರಜೆಗಳಾದ ನಾವು’ ಎಂಬಷ್ಟು ಮಾತ್ರ ಕಾಣುತ್ತದೆ, ಉಳಿದದ್ದು ಕಡತಗಳ ಹಿಂದೆ.

ನನ್ನ ಕೊನೆಯ ಪಂಚಾಯಿತಿ ಚಳ್ಳಕೆರೆಯ ಕಡೆಯದು. ಊರಿನ ಹೆಸರು ಬರೆಯುವುದಿಲ್ಲ. ಕುದಾಪುರದ ಕಡೆಯ ವಿಜ್ಞಾನ ಸಂಸ್ಥೆಗಳ ದೊಡ್ಡ ದೊಡ್ಡ ಕ್ಯಾಂಪಸ್ಸುಗಳ ವಿಷಯ ಇದಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಸಣ್ಣದು. ಊರಾಚೆ ಒಂದು ತುಂಡು ಗೋಮಾಳ, ಅದರಾಚೆ ಒಂದು ಕಟ್ಟೆ. ಬೇಸಿಗೆಯಲ್ಲೂ ಮೊಣಕಾಲುದ್ದ ನೀರು ನಿಲ್ಲುವ ಕಟ್ಟೆ ಅದೊಂದೇ. ನಾಲ್ಕು ಹಟ್ಟಿಗಳ ದನ, ಎಮ್ಮೆ, ಕುರಿ ಗೋಮಾಳ ಹಾಯ್ದು ಅಲ್ಲಿಗೆ ಹೋಗಿ ನೀರು ಕುಡಿದು ಬರುತ್ತಿದ್ದವು.

ಅಧ್ಯಕ್ಷೆ ಓಬಕ್ಕ. ಮಹಿಳಾ ಮೀಸಲಾತಿಯಲ್ಲಿ ಗೆದ್ದವಳು, ನಲವತ್ತು ದಾಟಿದ ವಿಧವೆ, ಆರು ಎಮ್ಮೆಗಳ ಒಡತಿ. ಬೇರೆ ಕಡೆ ಗಂಡನೋ ಮೈದುನನೋ ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂರುವುದನ್ನು ನೋಡಿದ್ದ ನನಗೆ ಇವಳದು ವಿಚಿತ್ರ. ಹಾಲು ಹಾಕಿ ನೇರ ಕಚೇರಿಗೆ ಬರುವಳು. ನಾಲ್ಕನೇ ತರಗತಿ ಓದಿದ್ದಳು. ಸಹಿ ಹಾಕುವ ಮೊದಲು ಬೆರಳಿಟ್ಟು ಒಂದೊಂದೇ ಅಕ್ಷರ ಓದುವಳು. ಒಂದು ಬಿಲ್ಲಿಗೆ ಕಾಲು ಗಂಟೆ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. “ನನ್ ಮೇಲೆ ನಂಬ್ಕೆ ಇಲ್ವೇನಮ್ಮ?” ಎಂದರೆ, “ನಂಬ್ಕೆ ಐತೆ ಸಾಬ್ರೆ, ಓದಾದು ಮರ್ತೋಗಬಾರ್ದು ಅಂತ” ಎನ್ನುವಳು.

ಹೀಗಿರುವಾಗ ಆ ಗೋಮಾಳದಲ್ಲಿ ಒಂದು ಖಾಸಗಿ ಕಂಪನಿ ಸೋಲಾರ್ ಫಲಕ ಹಾಕುವ ಕಡತ ಬಂತು. ಪಂಚಾಯಿತಿಯ ಆಕ್ಷೇಪಣೆ ಇದೆಯೇ ಇಲ್ಲವೇ ತಿಳಿಸಿ ಎಂದು ಒಂದು ಪತ್ರ. ನಿಮ್ಮ ಪುಸ್ತಕದ ಪ್ರಕಾರ ಭೂಮಿ ರಾಜ್ಯದ ಪಟ್ಟಿಯಲ್ಲಿದೆ, ವಿದ್ಯುತ್ತು ಸಮವರ್ತಿ ಪಟ್ಟಿಯಲ್ಲಿದೆ. ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗೆ ವಹಿಸಬಹುದಾದ ವಿಷಯಗಳಲ್ಲಿ ಮೇವೂ ಇದೆ, ಅಸಾಂಪ್ರದಾಯಿಕ ಇಂಧನವೂ ಇದೆ. ವಹಿಸಬಹುದು, ಅಷ್ಟೇ. ವಹಿಸಲೇಬೇಕೆಂದು ಅಲ್ಲಿ ಬರೆದಿಲ್ಲ. ಎಷ್ಟು ವಹಿಸಬೇಕೆಂಬುದು ರಾಜ್ಯಕ್ಕೆ ಬಿಟ್ಟದ್ದು. ಹಾಗಿದ್ದೂ ನಮ್ಮ ಅಭಿಪ್ರಾಯ ಕೇಳಿದ್ದರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಗ್ರಾಮಸಭೆ ಕರೆದೆ.

ಅಷ್ಟು ಜನ ಸೇರಿದ ಸಭೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಬೇಡವೇ ಬೇಡ ಎಂದು ಕೆಲವರು, ಊರಿಗೆ ಕೆಲಸ ಬರುತ್ತದೆ ಎಂದು ಕೆಲವರು. ಕೂಗಾಟ ಮುಗಿದ ಮೇಲೆ ಓಬಕ್ಕ ಎದ್ದಳು.

“ಕರೆಂಟು ಯಾರ್ಗೂ ಬ್ಯಾಡ ಅಲ್ಲ. ಹಾಕ್ಕಳ್ಳಿ. ಕಟ್ಟೆಗೆ ಹೋಗೋ ದಾರಿ ಬಿಡ್ಬೇಕು. ಎರಡು ಗಾಡಿ ಅಗಲ. ಬಿಟ್ರೆ ತಗಳ್ಳಿ, ಬಿಡ್ಲಿಲ್ಲಾಂದ್ರೆ ಬ್ಯಾಡ. ಹಂಗಂತ ಬರೀರಿ ಸಾಬ್ರೆ.”

ಎಲ್ಲರೂ ಒಪ್ಪಿದರು. ಎಲ್ಲರಿಗೂ ಸಮ್ಮತವಾದ ತೀರ್ಮಾನವನ್ನು ನನ್ನ ಸೇವೆಯಲ್ಲಿ ಕಂಡದ್ದು ಅದೊಂದು ಸಲ. ಆದರೆ ಹೊತ್ತಾಗಿತ್ತು, ಜನ ಎದ್ದು ನಿಂತಿದ್ದರು, ಷರತ್ತನ್ನು ಕಾನೂನಿನ ಮಾತಿನಲ್ಲಿ ಸರಿಯಾಗಿ ಬರೆಯಬೇಕಿತ್ತು. ಬೀದಿ ದೀಪ, ನಲ್ಲಿ ಇತ್ಯಾದಿ ಠರಾವುಗಳನ್ನು ಬರೆದಿದ್ದೆ. ಕೈ ತನ್ನ ಪಾಡಿಗೆ ತಾನು ಐದು ಸಾಲು ಬಿಟ್ಟಿತು.

ಓಬಕ್ಕ ಬೆರಳಿಟ್ಟು ಓದಿದಳು. “ದಾರೀದು ಎಲ್ಲೈತೆ?”

“ಇಲ್ಲಿ ಬರೀತೀನಮ್ಮ. ಜಾಗ ಬಿಟ್ಟಿದ್ದೀನಿ ನೋಡು. ಸರ್ವೆ ನಂಬರು ನೋಡಿ ಬರೀಬೇಕು.”

ಅವಳು ನನ್ನ ಮುಖ ನೋಡಿ, ಸಹಿ ಹಾಕಿದಳು. ಓದದೆ ಅವಳು ಸಹಿ ಹಾಕಿದ್ದು ಆ ಐದು ಸಾಲಿಗೆ ಮಾತ್ರ.

ಮರುದಿನ ಹನ್ನೊಂದಕ್ಕೆ ತಾಲ್ಲೂಕಿನಿಂದ ನನ್ನ ಮೇಲಧಿಕಾರಿಯ ಫೋನು.

“ಏನ್ರೀ, ನಿಮ್ಮ ಠರಾವು ಎಲ್ಲಿ?”

ದಾರಿಯ ಷರತ್ತನ್ನು ವಿವರಿಸಿದೆ.

“ದಾರಿ ಗೀರಿ ಎಲ್ಲ ಬರೀಬೇಡ್ರಿ. ಷರತ್ತು ಹಾಕಿದ್ರೆ ನಕ್ಷೆ ಬದಲಾಗ್ಬೇಕು, ಫೈಲ್ ಮತ್ತೆ ಬೆಂಗ್ಳೂರಿಗೆ ಹೋಗ್ಬೇಕು. ಆಕ್ಷೇಪಣೆ ಇಲ್ಲ ಅಂತ ಒಂದು ಸಾಲು ಕಳಿಸಿ. ದಾರಿ ನಾನ್ ಮಾತಾಡಿ ಬಿಡಿಸ್ತೀನಿ.”

“ಸರ್, ಸಭೆ ಒಪ್ಪಿದ್ದು…”

“ಸಭೆ ನಿಮಗೆ ಸಂಬಳ ಕೊಡುತ್ತೇನ್ರೀ? ನನ್ ಮೇಲೂ ಒಬ್ರವ್ರೆ, ಅವ್ರ ಮೇಲೂ ಒಬ್ರವ್ರೆ. ಮಧ್ಯಾಹ್ನದೊಳಗೆ ಬೇಕು.”

ಆತ ಕೆಟ್ಟವನೆಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆತನ ದನಿಯಲ್ಲೂ ಹೆದರಿಕೆ ಇತ್ತು. ದೆಹಲಿಗೆ ಗುರಿ, ಬೆಂಗಳೂರಿಗೆ ಅವಸರ, ದುರ್ಗಕ್ಕೆ ದಿನಾಂಕ, ತಾಲ್ಲೂಕಿಗೆ ಫೋನು. ಎಲ್ಲ ಅಧಿಕಾರ ಹಂಚಿಕೆಯಾಗಿ ಕೊನೆಗೆ ಉಳಿದ ಹೆದರಿಕೆ ನನ್ನ ಪಾಲಿಗೆ ಬಂತು. ನಾನು ಪೆನ್ನು ತೆಗೆದು, ಆ ಐದು ಸಾಲಿನ ಜಾಗದಲ್ಲಿ ‘ಸದರಿ ಜಮೀನನ್ನು ಯೋಜನೆಗೆ ನೀಡಲು ಗ್ರಾಮಸಭೆಯ ಯಾವುದೇ ಆಕ್ಷೇಪಣೆ ಇರುವುದಿಲ್ಲ’ ಎಂದು ಬರೆದೆ. ಜಾಗ ತುಂಬಬೇಕಲ್ಲ, ಅಕ್ಷರ ಸ್ವಲ್ಪ ದೊಡ್ಡದಾಗಿ ಬರೆದೆ.

ಬೇಲಿ ಬಂತು. ಈ ತುದಿಯಿಂದ ಆ ತುದಿಯವರೆಗೆ ಕಬ್ಬಿಣದ ಜಾಲರಿ, ನಡುವೆ ಎಲ್ಲೂ ಗೇಟಿಲ್ಲ. ಕಟ್ಟೆಗೆ ಹೋಗಬೇಕಾದರೆ ಹೈವೇ ಹಿಡಿದು ಮೂರು ಮೈಲಿ ಸುತ್ತಬೇಕು. ಮೊದಲ ವಾರದಲ್ಲೇ ಒಂದು ಕರು ಲಾರಿಗೆ ಸಿಕ್ಕಿತು. ‘ದಾರಿ ನಾನ್ ಮಾತಾಡಿ ಬಿಡಿಸ್ತೀನಿ’ ಎಂದಿದ್ದ ಮೇಲಧಿಕಾರಿಗೆ ಅಷ್ಟರಲ್ಲಿ ವರ್ಗ ಆಗಿತ್ತು.

ಓಬಕ್ಕ ಬಂದು ನನ್ನ ಮೇಜಿನ ಮುಂದೆ ನಿಂತಳು. “ಪುಸ್ತಕ ತೆಗೀರಿ ಸಾಬ್ರೆ.”

ತೆಗೆದೆ. ಬೆರಳಿಟ್ಟು ಓದಿದಳು. ‘ಇರುವುದಿಲ್ಲ’ ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು.

“ಸೈ ನಂದು. ಈ ಮಾತು ನಂದಲ್ಲ.”

“ಮೇಲಿಂದ ಬಂತಮ್ಮ, ನಾನೇನ್ ಮಾಡ್ಲಿ?”

“ಮೇಲಿಂದ ಮಳೆ ಬರ್ತೈತೆ ಸಾಬ್ರೆ. ಇದು ನಿಮ್ ಪೆನ್ನಿಂದ ಬಂದೈತೆ.”

ಅವಳು ಸುಮ್ಮನಿರಲಿಲ್ಲ, ಜಿಲ್ಲೆಗೆ ದೂರು ಕೊಟ್ಟಳು. ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಪಂಚಾಯಿತಿ ಕಚೇರಿಯ ಮುಂದೆ ಊರೆಲ್ಲ ಸೇರಿತ್ತು. ಅಧಿಕಾರಿ ಒಂದೇ ಪ್ರಶ್ನೆ ಕೇಳಿದರು: ಈ ಠರಾವು ಸಹಿಗೆ ಮೊದಲು ಬರೆದದ್ದೋ, ನಂತರ ಬರೆದದ್ದೋ?

ನನಗೆ ನಿವೃತ್ತಿಗೆ ಎರಡು ವರ್ಷವಿತ್ತು. ನಂತರ ಎಂದರೆ ಸುಳ್ಳು ದಾಖಲೆ ಸೃಷ್ಟಿಸಿದ ಕೇಸು, ಪಿಂಚಣಿಗೆ ಕತ್ತರಿ. ಓಬಕ್ಕ ಎದುರಿಗೇ ನಿಂತಿದ್ದಳು. ನಾನು ಅವಳ ಕಡೆ ನೋಡದೆ, “ಮೊದಲೇ ಬರೆದದ್ದು ಸರ್. ಅಧ್ಯಕ್ಷರು ಓದಿಯೇ ಸಹಿ ಹಾಕಿದ್ದಾರೆ. ಅವರು ಓದದೆ ಸಹಿ ಹಾಕುವವರಲ್ಲ ಅಂತ ಊರಿಗೆಲ್ಲ ಗೊತ್ತು” ಎಂದೆ.

ಕೊನೆಯ ಆ ವಾಕ್ಯ ಬೇಕಿರಲಿಲ್ಲ. ಸುಳ್ಳು ಗಟ್ಟಿಯಾಗಲಿ ಎಂದು ಅವಳ ಒಳ್ಳೆಯ ಗುಣವನ್ನೇ ಸಾಕ್ಷಿಗೆ ಕರೆದೆ. ನಾಚಿಕೆಗೆಟ್ಟ ಕೆಲಸಗಳನ್ನು ಸೇವೆಯಲ್ಲಿ ಬೇಕಾದಷ್ಟು ಮಾಡಿದ್ದೇನೆ. ಅದರಷ್ಟು ಹೇಸಿಗೆಯದು ಇನ್ನೊಂದಿಲ್ಲ.

ಹಿಂದಿನಿಂದ ಯಾರೋ “ಅಲ್ಲಿಗೆ ಇವಳೇ ಕೊಟ್ಟಿರಾದು” ಎಂದರು. ಅಂದಿನಿಂದ ಊರಿನಲ್ಲಿ ಅದು ಓಬಕ್ಕ ಮಾರಿದ ದಾರಿ. ಕಂಪನಿ ಎಷ್ಟು ಕೊಟ್ಟಿತು ಎಂದು ಮಕ್ಕಳೂ ಕೇಳುತ್ತಿದ್ದವಂತೆ. ಅವಳ ಮನೆಯ ಹಾಲು ಕೊಳ್ಳುವುದನ್ನು ನಾಲ್ಕು ಮನೆಯವರು ಬಿಟ್ಟರು. ಅವಧಿ ಮುಗಿದ ಮೇಲೆ ಅವಳು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ, ಕಚೇರಿಯ ಕಡೆ ತಲೆಯೂ ಹಾಕಲಿಲ್ಲ.

ನಾನು ಶಾಲು ಹೊದ್ದು ನಿವೃತ್ತನಾದೆ. ಅನುಭವಿ ಎಂದು ತರಬೇತಿಗೆ ಕರೆದರು. ವಿಷಯ, ಸಂವಿಧಾನ ಮತ್ತು ಅಧಿಕಾರ ವಿಕೇಂದ್ರೀಕರಣ! ಹಲಗೆಯ ಮೇಲೆ ಮೂರು ಅಂತಸ್ತಿನ ಮನೆ ಬರೆದು ಮೇಲೆ ಕೇಂದ್ರ, ನಡುವೆ ರಾಜ್ಯ, ಕೆಳಗೆ ಪಂಚಾಯಿತಿ ಎಂದು ಬರೆಯುತ್ತಿದ್ದೆ. ಒಂದು ತಂಡದಲ್ಲಿ ಪದ್ಮಾ ಎಂಬ ಹುಡುಗಿ ಇದ್ದಳು, ಮೊಳಕಾಲ್ಮೂರಿನ ನೇಕಾರರ ಮನೆಯವಳು. ಕೈ ಎತ್ತಿ, “ಸರ್, ಕೆಳಗಿನ ಅಂತಸ್ತಿನೋರು ಬ್ಯಾಡ ಅಂದ್ರೆ ಮೇಲಿನೋರು ನಿಲ್ಲಿಸ್ಲೇಬೇಕಾ?” ಎಂದಳು. “ಸಂದರ್ಭಾನುಸಾರ” ಎಂದು ಹೇಳಿ ಊಟಕ್ಕೆ ಬಿಟ್ಟೆ.

ಮುಂದಿನ ವರ್ಷ ಅದೇ ಪದ್ಮಾ ಓಬಕ್ಕನ ಊರಿಗೇ ಅಧಿಕಾರಿಯಾಗಿ ಹೋದಳು. ಹಳೆಯ ಪುಸ್ತಕ ನೋಡಿ ನನಗೆ ಫೋನ್ ಮಾಡಿದಳು. “ಸರ್, ಈ ಒಂದು ಠರಾವಿನ ಅಕ್ಷರ ಮಾತ್ರ ಯಾಕೆ ದೊಡ್ಡದಾಗೈತೆ?” ನಾನು ಫೋನು ಇಟ್ಟುಬಿಟ್ಟೆ.

ಅಂದೇ ನನ್ನ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, “ಜಾಕೋ ಬೋಲ್ಕೋ ಆವೋ” ಎಂದಳು. ಹೋಗಿ ಹೇಳಿ ಬನ್ನಿ. “ಪಿಂಚಣಿ?” ಎಂದೆ. ಅವಳು ಮೊರ ಕೆಳಗಿಟ್ಟು ನನ್ನನ್ನು ನೋಡಿದ ರೀತಿಯನ್ನು ಬರೆಯಲಾರೆ.

ನಡೆದದ್ದನ್ನೆಲ್ಲ ಎರಡು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಖಾಸಗಿ ಬಸ್ಸು ಹತ್ತಿ ಹೋದೆ. ಓಬಕ್ಕನ ಹತ್ತಿರ ಈಗ ಎರಡೇ ಎಮ್ಮೆ. ನನ್ನನ್ನು ನೋಡಿ ಗುರುತಿಲ್ಲದವಳಂತೆ ಇರಲಿಲ್ಲ, ಗುರುತಿರುವವಳಂತೆಯೂ ಇರಲಿಲ್ಲ. ಹಾಳೆ ಕೊಟ್ಟೆ. ಬೆರಳಿಟ್ಟು ಕೊನೆಯವರೆಗೂ ಓದಿದಳು.

“ಇದ್ನ ನನಗ್ಯಾಕೆ ಕೊಡ್ತೀರಿ? ನನಗೆ ಗೊತ್ತಿರಾದೇ ಅಲ್ವಾ. ಊರ್ ಮುಂದೆ ಅಂದಿದ್ದು ಊರ್ ಮುಂದೆ ಓದ್ರಿ.”

ಗ್ರಾಮಸಭೆಯ ದಿನ ಹೋದೆ. ಮೂವತ್ತು ಜನ ಇದ್ದರೇನೋ. ಪದ್ಮಾ ನನಗೆ ಮಾತಾಡಲು ಅವಕಾಶ ಕೊಟ್ಟಳು. ಎರಡೂ ಹಾಳೆ ಓದಿದೆ. ಯಾರಾದರೂ ಎದ್ದು ಕಾಲರ್ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಯಾರೂ ಹಿಡಿಯಲಿಲ್ಲ. ಒಬ್ಬ ಮುದುಕ “ಥೂ” ಎಂದ. ಎಮ್ಮೆ ಮಾರಿ ಬೈಕು ಕೊಂಡ ಹುಡುಗರು ಯಾವ ದಾರಿ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ನನ್ನ ಮೇಲೆ ಕೇಸಾಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಆಗಲಿ.

ಆಗ ಓಬಕ್ಕ ಎದ್ದಳು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

“ನಾನು ಕೊಟ್ಟಿಲ್ಲ ಅಂತ ಸಾಬ್ರೇ ಹೇಳಿದ್ರು. ಆತು. ಅಂದ್ಮೇಲೆ ದಾರಿ ವಾಪಸ್ ಬಿಡಿಸ್ರಿ.”

ಪದ್ಮಾ ತನ್ನ ಕಡತ ತಿರುವಿದಳು. ಅವಳು ನನ್ನಂತಲ್ಲ, ಪ್ರಾಮಾಣಿಕಳು. ಅದಕ್ಕೇ ನೇರವಾಗಿ ಹೇಳಿದಳು. “ಅಮ್ಮಾ, ಜಮೀನು ಈಗ ಪಂಚಾಯ್ತಿ ಕೈಯಾಗಿಲ್ಲ. ಜಿಲ್ಲೆಯಿಂದ ಆದೇಶ ಆಗೈತೆ. ಅದ್ನ ಬದಲಾಯಿಸ್ಬೇಕಂದ್ರೆ ಬೆಂಗ್ಳೂರು. ಯೋಜನೆ ಕೇಂದ್ರದ್ದು. ನಮಗೆ ಆ ಅಧಿಕಾರ ಇಲ್ಲಮ್ಮ.”

ಓಬಕ್ಕ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದಳು.

“ಕೊಡೋವಾಗ ಪಂಚಾಯ್ತಿ ಮಾತೇ ಬೇಕಾಗಿತ್ತು. ವಾಪಸ್ ಕೇಳಾಕೆ ಪಂಚಾಯ್ತಿಗೆ ಅಧಿಕಾರ ಇಲ್ಲ. ಹಂಗಾದ್ರೆ ನಾನು ಯಾರನ್ನ ಕೇಳ್ಲಿ ಸಾಬ್ರೆ? ಎಲ್ಲಾ ಓದ್ಕಂಡೋರು ನೀವು, ನೀವೇ ಹೇಳ್ರಿ.”

ಮೂರು ಅಂತಸ್ತಿನ ಆ ಮನೆಯ ಪ್ರತಿ ಕೋಣೆ ನನಗೆ ಗೊತ್ತು. ಯಾವ ಬಾಗಿಲು ತಟ್ಟಿದರೆ ಯಾರು ಪಕ್ಕದ ಬಾಗಿಲು ತೋರಿಸುತ್ತಾರೆ ಎಂಬುದೂ ಗೊತ್ತು. ಯಾರೂ ಇಲ್ಲಮ್ಮ ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಹೊರಗೆ ಬಂದದ್ದು, “ಒಂದು ಅರ್ಜಿ ಬರ್ಕೊಡಮ್ಮ, ಕಳ್ಸೋಣ.”